ಭಾವನ ಮೆತ್ತನೆಯ ಚೀಸು

ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಅಂತ ಗಾದೆ ಕಟ್ಟಿದವನಿಗೆ ಕಿಡ್ನಿ ಡಾಕ್ಟರ ಪರಿಚಯ ಇರಲಿಲ್ಲ, ಪಾಪ. ಅವರ ಕೋಣೆ ಹೊಕ್ಕು ಬಂದವರ ಮನೆಯಲ್ಲಿ ಹಾಲು ಪುಟ್ಟ ಲೋಟಕ್ಕೆ, ಉಪ್ಪು ಚಿಟಿಕೆಗೆ, ಎಳನೀರು ಕನಸಿಗೆ ಇಳಿದಿರುತ್ತದೆ.

ನಮ್ಮ ಭಾವ ಬಾಳೆಹಣ್ಣು ಬಿಟ್ಟರು, ಉಪ್ಪಿನಕಾಯಿ ಜಾಡಿಗೆ ಬೆನ್ನು ಹಾಕಿ ಕೂತರು. ಚೀಸು ಮಾತ್ರ ಬಿಡಲಿಲ್ಲ. "ಮೆತ್ತಗಿರೋದು ತಿಂದ್ರೆ ಏನಾಗತ್ತಯ್ಯಾ? ಜ್ವರ ಬಂದಾಗ ಮೆತ್ತಗಿನ ಅನ್ನ ಕೊಡಲ್ವೇ?" ಹಲ್ಲಿಗೆ ಹೇಳಬೇಕಾದ ಸಮಾಧಾನವನ್ನು ಕಿಡ್ನಿಗೆ ಹೇಳುತ್ತಾರೆ!

ಹಾಗಂತ ಭಾವನ ಮಾತು ಪೂರಾ ಸುಳ್ಳೂ ಅಲ್ಲ. ಸೋತ ಕಿಡ್ನಿ ಹೊರಹಾಕದೆ ಬಿಟ್ಟ ಫಾಸ್ಫರಸ್ಸು ಮೂಳೆಯ ಕ್ಯಾಲ್ಸಿಯಂ ಕೀಳಿಸುತ್ತದೆ, ರಕ್ತನಾಳ ಗಡುಸಾಗಿಸುತ್ತದೆ, ಮೈಯೆಲ್ಲ ನವೆ ಹತ್ತಿಸುತ್ತದೆ. ಚೆಡ್ಡಾರಿನಂಥ ಗಟ್ಟಿ ಚೀಸು 30 ಗ್ರಾಂ ತಿಂದರೆ ಈ ಫಾಸ್ಫರಸ್ಸು ಸುಮಾರು 140 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ. ಅಷ್ಟೇ ಬ್ರೀ ಚೀಸಿನಲ್ಲಿ 55ರ ಆಸುಪಾಸು, ಕ್ರೀಮ್ ಚೀಸಿನಲ್ಲಿ 30. ಇಷ್ಟು ಕೇಳಿದ್ದೇ ಭಾವ ಗೆದ್ದ ಮುಖ ಮಾಡಿದರು.

ಮೊಝರೆಲ್ಲಾನೂ ಮೆತ್ತಗೇ ಇರುತ್ತದೆ, ಆದರೆ ಅದು ನೂರು ದಾಟುತ್ತದೆ. ಬೆಂಗಳೂರಿನಲ್ಲಿ ಅದನ್ನು ಮಾಡುವ ಕ್ರೈಸ್ತ ಸನ್ಯಾಸಿಗಳಿದ್ದಾರೆ. "ಸನ್ಯಾಸಿಗಳ ಕೈಯಿಂದಾದದ್ದು, ಸಾತ್ವಿಕ ಕಣಯ್ಯಾ" ಅಂದರು. "ಭಾವ, ಸನ್ಯಾಸ ತಗೊಂಡಿರೋದು ಅವರು, ಫಾಸ್ಫರಸ್ಸಲ್ಲ" ಅಂದೆ. ಫೆಟಾ ಚೀಸಂತೂ ಉಪ್ಪುನೀರಲ್ಲೇ ಮುಳುಗಿ ಹಣ್ಣಾದದ್ದು. 30 ಗ್ರಾಮಿಗೆ ಸೋಡಿಯಂ ಸುಮಾರು 300 ಮಿಲಿಗ್ರಾಂ. ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ ದಿನಕ್ಕೆ 2000.

ಮಜಾ ಇರುವುದು ಚೀಸ್ ದೋಸೆಯ ಮೇಲೆ ಕರಗಿ ಹರಡುವ ಸ್ಲೈಸಿನಲ್ಲಿ. ಕಾಯಿಸಿದರೂ ಜಿಡ್ಡು ಬೇರೆ, ಗಟ್ಟಿ ಬೇರೆ ಆಗದೆ ಅದು ನಯವಾಗಿ ನಿಲ್ಲುವುದು ಹೇಗೆ? ಬಹಳಷ್ಟು ಸಲ ಫಾಸ್ಫೇಟ್ ಲವಣಗಳ ದಯೆಯಿಂದ! ಭಾವ ಯಾವ ಮೆತ್ತಗಿನ ಗುಣವನ್ನು ಹಾಡಿ ಹೊಗಳುತ್ತಾರೋ ಅದನ್ನು ಮಾಡಿಕೊಟ್ಟದ್ದೇ ಅವರ ಶತ್ರು. ಹಾಲಿನದೇ ಫಾಸ್ಫರಸ್ಸನ್ನು ಕರುಳು ಅರ್ಧದಷ್ಟು ಹೀರಿದರೆ, ಹೀಗೆ ಬೆರೆಸಿದ್ದನ್ನು ಬಹುಪಾಲು ಹೀರಿಬಿಡುತ್ತದೆ. ಪೊಟ್ಟಣದ ಹಿಂದೆ ಇರುವೆ ಅಕ್ಷರದಲ್ಲಿ 339, 450, 452 ಅಂತ ಬರೆದಿರುತ್ತಾರೆ. ಪಂಚಾಂಗದ ರಾಹುಕಾಲ ಕನ್ನಡಕವಿಲ್ಲದೆ ಓದುವ ಭಾವನಿಗೆ ಇದು ಮಾತ್ರ ಕಾಣುವುದಿಲ್ಲ.

ಅಕ್ಕ ಮನೆಯಲ್ಲೇ ಉಪ್ಪಿಲ್ಲದ ಪನೀರ್ ಮಾಡುತ್ತಾಳೆ. ಒಳ್ಳೆಯದೇ, ಅಳತೆಯಲ್ಲಿದ್ದರೆ. ಪನೀರಿನಲ್ಲೂ ಫಾಸ್ಫರಸ್ಸು, ಪ್ರೋಟೀನು ಉಂಟು. ಆದರೆ ಒಡೆದ ಹಾಲಿನ ನೀರು ಚೆಲ್ಲಲು ಮನಸ್ಸು ಬಾರದೆ ಚಪಾತಿ ಹಿಟ್ಟಿಗೆ ಸುರಿಯುತ್ತಿದ್ದಳು. ಹಾಲಿನ ಪೊಟ್ಯಾಸಿಯಂನ ಬಹುಪಾಲು ಇಳಿಯುವುದೇ ಆ ನೀರಿಗೆ. ಅದು ತಿಳಿದ ಮೇಲೆ "ರೀ, ಇನ್ನು ಅದು ಕರಿಬೇವಿನ ಗಿಡಕ್ಕೆ" ಅಂದಳು. ಗಿಡಕ್ಕೆ ಕಿಡ್ನಿ ಇಲ್ಲ, ಸರಿ.

ಫಾಸ್ಫರಸ್ಸು ಹಿಡಿಯುವ ಮಾತ್ರೆಯನ್ನು ಭಾವ ನುಂಗುವುದು ರಾತ್ರಿ ಮಲಗುವಾಗ. ಅದು ಊಟದ ಜೊತೆ ಹೋದರೆ ಕೆಲಸ. ನೆಂಟರೆಲ್ಲ ಹೊರಟ ಮೇಲೆ ಬಾಗಿಲಲ್ಲಿ ಕಾವಲುಗಾರ ನಿಂತು ಯಾರನ್ನು ತಡೆದಾನು?

ಕಿಡ್ನಿ ಕಸಿ ಮಾಡಿಸಿಕೊಂಡವರ ಮುಂದೆ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಅವರ ರೋಗನಿರೋಧಕ ಶಕ್ತಿಯನ್ನು ಮಾತ್ರೆಗಳೇ ತಗ್ಗಿಸಿರುತ್ತವೆ. ಹಸಿ ಹಾಲಿನ ಚೀಸು, ಬ್ರೀ, ಕಮಾಂಬೆರ್‌ಗಳಲ್ಲಿ ಲಿಸ್ಟೀರಿಯಾ ಇರಬಹುದು, ಆ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ.

ಡಯಾಲಿಸಿಸ್‌ನವರಿಗೆ ಪ್ರೋಟೀನು ಹೆಚ್ಚು ಬೇಕು, ಇನ್ನೂ ಡಯಾಲಿಸಿಸ್‌ಗೆ ಹೋಗದ ಭಾವನಂಥವರಿಗೆ ಕಡಿಮೆ. ಆದ್ದರಿಂದ ಪಕ್ಕದ ಮನೆಯವರ ಪಥ್ಯದ ಪಟ್ಟಿ ನಕಲು ಹೊಡೆಯಬೇಡಿ. ನಿಮ್ಮ ರಕ್ತದ ರಿಪೋರ್ಟು ಹಿಡಿದು ಡಯಟೀಶಿಯನ್ ಹತ್ತಿರ ಹೋಗಿ, ಫ್ರಿಜ್ಜಿನಲ್ಲಿರುವ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಳ್ಳಿ.