ಎಂಜಿನ್ನಿಗೂ ಹರಳೆಣ್ಣೆ

ಚಿಕ್ಕಂದಿನಲ್ಲಿ ಹರಳೆಣ್ಣೆ ಅಂದರೆ ನನಗೆ ಎರಡೇ ನೆನಪು. ನರಕ ಚತುರ್ದಶಿಯ ಬೆಳಗಿನ ಜಾವ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದುದು ಒಂದು. ಬೇಸಿಗೆ ರಜೆಯಲ್ಲಿ ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದುದು ಇನ್ನೊಂದು. ಆಮೇಲೆ ನಾನು ಹಿತ್ತಲಿಗೆ ಓಡುತ್ತಿದ್ದ ವೇಗವನ್ನು ಕಂಡವರಾರೂ, ಈ ಎಣ್ಣೆಯನ್ನು ರೇಸ್ ಎಂಜಿನ್ನಿಗೆ ಹಾಕುತ್ತಾರೆ ಅಂದರೆ ಅಚ್ಚರಿಪಡುವುದಿಲ್ಲ.

ಎಷ್ಟೋ ವರ್ಷಗಳ ಮೇಲೆ, ಈಗ ನಾವಿರುವ ಅಮೆರಿಕದ ಮಿಲ್ವಾಕಿಯ ಹೊರವಲಯದಲ್ಲಿ ಒಬ್ಬ ಮುದುಕರ ಕೊಟ್ಟಿಗೆಯಲ್ಲಿ ಆ ವಾಸನೆ ಮತ್ತೆ ಮೂಗಿಗೆ ಬಡಿಯಿತು. ನಾನು ಹೋಗಿದ್ದು ಹುಲ್ಲು ಕತ್ತರಿಸುವ ಯಂತ್ರ ಕೊಳ್ಳಲು. ತಂದಿದ್ದು 1950ರ ದಶಕದ ಮರ್ಕ್ಯುರಿ ಕೆಜಿ-7: ದೋಣಿಯ ಬೆನ್ನಿಗೆ ಕಚ್ಚಿಸುವ ಎರಡು ಸಿಲಿಂಡರಿನ ಔಟ್‌ಬೋರ್ಡ್ ಮೋಟಾರು, ಅದೂ ರೇಸಿನದು. ಹೇಳಿಕೊಳ್ಳಲು 10 ಅಶ್ವಶಕ್ತಿ. ನಿಜವಾದ ಶಕ್ತಿ ಅದಕ್ಕಿಂತ ಎಷ್ಟೋ ಹೆಚ್ಚು. ಸಿನಿಮಾ ನಟರು ವಯಸ್ಸು ಹೇಳುವ ಹಾಗೆ ಕಂಪನಿ ಸಂಕೋಚಪಟ್ಟು ಕಡಿಮೆ ಹೇಳಿತ್ತು. ಕೆಳಗಿನ ಭಾಗ ರೇಸಿಗೆಂದೇ ಮಾಡಿದ್ದು. ಅದಕ್ಕೆ ನ್ಯೂಟ್ರಲ್ ಇಲ್ಲ, ರಿವರ್ಸ್ ಇಲ್ಲ, ನೀರೆತ್ತುವ ಪಂಪೂ ಇಲ್ಲ. ದೋಣಿ ಓಡಿದರೆ ನೀರು ತಾನೇ ನುಗ್ಗಿ ಎಂಜಿನ್ ತಂಪಾಗಬೇಕು. ಅಂದರೆ ನಿಂತಲ್ಲೇ ಟ್ಯೂನ್ ಮಾಡುತ್ತೇನೆ ಅನ್ನುವ ಹಾಗಿಲ್ಲ.

“ಓಲೆ ಊರಿನ ಮೋಟಾರು ಕಣೇ” ಅಂತ ಹೆಂಡತಿಗೆ ಪೀಠಿಕೆ ಹಾಕಿದೆ. ಅವಳು ಅರ್ಧ ಕೇಳಿಸಿಕೊಂಡು ಕಿವಿಯ ಓಲೆಯೆಂದೇ ನಗುತ್ತಾ ಗ್ಯಾರೇಜಿಗೆ ಬಂದಳು. ಪಾಪ. ಓಲೆ ಎವಿನ್‌ರೂಡ್ ಈ ಮಿಲ್ವಾಕಿಯ ಮೆಕ್ಯಾನಿಕ್. ಪ್ರೇಯಸಿ ಬೆಸ್ ಐಸ್‌ಕ್ರೀಮ್ ಕೇಳಿದಳೆಂದು ಒಕಾಚಿ ಕೆರೆಯಲ್ಲಿ ಹುಟ್ಟು ಹಾಕಿಕೊಂಡು ಹೋದನಂತೆ. ಬರುವಷ್ಟರಲ್ಲಿ ಅದು ಕರಗಿತ್ತಂತೆ. ಆ ಅವಮಾನದಿಂದ ಹುಟ್ಟಿದ ಮೋಟಾರನ್ನು 1909ರಲ್ಲಿ ಮಾರಾಟಕ್ಕಿಟ್ಟ. ಬೆಸ್ ಅಷ್ಟರಲ್ಲಿ ಅವನ ಹೆಂಡತಿಯಾಗಿ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದಳು.

“ಆಕೆ ಐಸ್‌ಕ್ರೀಮ್ ಕೇಳಿದ್ದಳು. ನಾನೇನು ಕೇಳಿದ್ದೆ?” ಅಂದಳು ಇವಳು. “ಅದಿರಲಿ, ದೋಣಿ ಎಲ್ಲಿ?”

ಗಂಡಸರ ಜೀವನದಲ್ಲಿ ಉತ್ತರಿಸದೆ ದಾಟಿಸಬೇಕಾದ ಪ್ರಶ್ನೆಗಳಲ್ಲಿ ಇದೊಂದು. ನಾನು ಕಾರ್ಲ್ ಕೀಕ್‌ಹೇಫರನ ಕಥೆ ತೆಗೆದೆ. ಇಲ್ಲೇ ಪಕ್ಕದ ಸೀಡರ್‌ಬರ್ಗಿನಲ್ಲಿ 1939ರಲ್ಲಿ ಒಂದು ಕಾರ್ಖಾನೆ ಕೊಂಡ. ಒಳಗೆ ನೋಡಿದರೆ ಗಿರಾಕಿ ಬೇಡವೆಂದು ತಿರಸ್ಕರಿಸಿದ ಸುಮಾರು 300 ಮೋಟಾರು ಬಿದ್ದಿದ್ದವು. ಎಲ್ಲವನ್ನೂ ರಿಪೇರಿ ಮಾಡಿ ಮಾರಿದ. ಮರ್ಕ್ಯುರಿ ಶುರುವಾಗಿದ್ದು ಹಾಗೆ. “ಅವನದು 300. ನಾನು ತಂದಿದ್ದು ಒಂದೇ” ಅಂದೆ. ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ.

ಮೋಟಾರು ತಿರುಗುತ್ತಲೇ ಇರಲಿಲ್ಲ. ಕಾರಣ ಅದೇ ಹರಳೆಣ್ಣೆ. ರೇಸಿನವರು ಪೆಟ್ರೋಲಿನ ಬದಲು ಮೆಥನಾಲ್ ಸುಡುತ್ತಿದ್ದರು. ಮೆಥನಾಲಿಗೆ ಮಾಮೂಲಿ ಎಂಜಿನ್ ಆಯಿಲ್ ಬೆರೆಯುವುದಿಲ್ಲ, ಹರಳೆಣ್ಣೆ ಬೆರೆಯುತ್ತದೆ. ಎಷ್ಟು ಕಾದರೂ ಲೋಹವನ್ನು ಬಿಡದೆ ಅಂಟಿಕೊಂಡು ಕಾಪಾಡುತ್ತದೆ. ಕ್ಯಾಸ್ಟ್ರಾಲ್ ಎಂಬ ಹೆಸರಿನೊಳಗೇ ಕ್ಯಾಸ್ಟರ್ ಕೂತಿದೆ, ಅಂದರೆ ನಮ್ಮ ಹರಳು. ಆದರೆ ರೇಸ್ ಮುಗಿದ ಮೇಲೂ ಅದು ಅಂಟಿಕೊಂಡೇ ಇರುತ್ತದೆ. ಅಜ್ಜಿಯ ಶೀಶೆಯ ಬಿರಡೆ ಕಚ್ಚಿಕೊಳ್ಳುತ್ತಿತ್ತಲ್ಲ, ಹಾಗೆ ಪಿಸ್ಟನ್ ಕಚ್ಚಿಕೊಂಡಿತ್ತು. ಹೆಂಡತಿಯ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ನೆನೆಹಾಕಿ, ಮತ್ತೆ ಬಿಸಿ ಮಾಡಿ, ಮೂರು ವಾರಕ್ಕೆ ಒಂದು ಸುತ್ತು ತಿರುಗಿತು. ಡ್ರೈಯರಿನ ಗತಿ ಕೇಳಬೇಡಿ. ಬ್ಯಾಟರಿಯಿಲ್ಲದ ಯಂತ್ರ, ಕಿಡಿಗೆ ಮ್ಯಾಗ್ನೆಟೊವೇ ಗತಿ. ಪಾಯಿಂಟ್ ಉಜ್ಜಿ, ಅಂತರ ಸರಿಮಾಡಿ, ಕಿಡಿ ಬಂತೇ ಎಂದು ತಂತಿ ಹಿಡಿದು ಫ್ಲೈವೀಲ್ ತಿರುಗಿಸಿದೆ. ಬಂದಿದೆ ಅಂತ ಮೊಣಕೈವರೆಗೂ ತಿಳಿಯಿತು.

ಮೆಥನಾಲಿನ ಸಹವಾಸ ನನಗೆ ಬೇಡವೆನಿಸಿತು. ಅದರ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ಪೆಟ್ರೋಲಿಗೇ ಕಾರ್ಬ್ಯುರೇಟರ್ ಹೊಂದಿಸಿದೆ. ಹದ ತಿಳಿಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಪಿಸ್ಟನ್ ಸುಡುತ್ತದೆ. ಕಪ್ಪಗೆ ಒದ್ದೆಯಾಗಿದ್ದರೆ ಜಾಸ್ತಿ. ನಡುವೆ ಹದವಾಗಿ ಬೆರೆತ ಕಾಫಿಯ ಬಣ್ಣ ಬರಬೇಕು. ಈ ವಿದ್ಯೆ ನಮ್ಮ ಮನೆಯಲ್ಲಿ ಯಾರಿಗಿದೆ ಅಂತ ಬೇರೆ ಹೇಳಬೇಕಿಲ್ಲ.

ಜೂನಿನಲ್ಲಿ ಸ್ನೇಹಿತರೊಬ್ಬರ ಮೀನು ಹಿಡಿಯುವ ಅಲ್ಯುಮಿನಿಯಂ ದೋಣಿ ಕಡ ತಂದೆ. ಒಕಾಚಿ ಕೆರೆಗೇ ಹೋಗೋಣ ಅಂದವಳು ಅವಳೇ. ಎರಡು ಕೋನ್ ಹಿಡಿದು ದಡದಲ್ಲಿ ಕೂತಳು. ನಾನು ಫ್ಲೈವೀಲಿಗೆ ಹಗ್ಗ ಸುತ್ತಿ ಎಳೆದೆ. ಸುತ್ತಿದೆ, ಎಳೆದೆ. ಹನ್ನೊಂದನೇ ಸಲಕ್ಕೆ ಹತ್ತಿಕೊಂಡಿತು. ನ್ಯೂಟ್ರಲ್ ಇಲ್ಲದ್ದು ನೆನಪಾಗುವಷ್ಟರಲ್ಲಿ ದೋಣಿ ಮುಂದೆ ಹಾರಿತ್ತು, ನಾನು ಹಿಂದೆ ಬಿದ್ದಿದ್ದೆ. ಕೆರೆಯ ಬಾತುಗಳೆಲ್ಲ ಒಟ್ಟಿಗೆ ಎದ್ದವು. ಆ ಸದ್ದು, ಆ ಹೊಗೆ! ಒಂದಿಷ್ಟು ಹರಳೆಣ್ಣೆಯನ್ನೂ ಕದ್ದು ಬೆರೆಸಿದ್ದೆ, ವಾಸನೆಗೆ. ಅರ್ಧ ನಿಮಿಷ ನಾನು ಹಿತ್ತಲಿಗೆ ಓಡುತ್ತಿದ್ದ ಹುಡುಗನೇ ಆಗಿದ್ದೆ.

ಹಗುರವಾದ ರೇಸ್ ದೋಣಿಯನ್ನು ತಳ್ಳುವ ಪ್ರೊಪೆಲರಿಗೆ ಈ ಭಾರ ತಡೆಯಲಿಲ್ಲ. ವೇಗಕ್ಕೇರಲಾಗದೆ ಎಂಜಿನ್ ಕೆಮ್ಮಿತು, ಉಗುಳಿತು, ನಿಂತಿತು. ಪ್ಲಗ್ ಬಿಚ್ಚಿದರೆ ಕಪ್ಪಗೆ, ಒದ್ದೆ. ಹುಟ್ಟು ಹಾಕತೊಡಗಿದೆ. ಓಲೆಯಷ್ಟು ತೋಳುಬಲ ನನಗೆಲ್ಲಿ?

ದಡ ಸೇರಿ ಪ್ಲಗ್ಗನ್ನು ಅವಳ ಮುಂದೆ ಹಿಡಿದೆ. ತಿರುಗಿಸಿ ನೋಡಿ, “ಡಿಕಾಕ್ಷನ್ ಜಾಸ್ತಿ ಆಯ್ತು ರೀ” ಅಂದಳು. ಕೈಯಲ್ಲಿ ಕೋನ್ ಇರಲಿಲ್ಲ.

“ನನ್ನದು?”

“ಕರಗ್ತಾ ಇತ್ತು. ತಿಂದುಬಿಟ್ಟೆ.”