ಸೋಪಣ್ಣನ ಕೈಗುಣ

ಬಡಾವಣೆಗೊಬ್ಬ ಸೋಪಣ್ಣ ಇದ್ದೇ ಇರುತ್ತಾನೆ. ವಯಸ್ಸು ಐವತ್ತರ ಆಚೀಚೆ. ಸ್ವಯಂನಿವೃತ್ತಿ ಆಗಿರುತ್ತದೆ, ಇಲ್ಲವೇ ಅರ್ಜಿ ಬರೆದಿಟ್ಟಿರುತ್ತಾನೆ. ತಾರಸಿಯಲ್ಲಿ ಟೊಮೆಟೊ ಬೆಳೆದು, ಡ್ರಮ್ಮಿನಲ್ಲಿ ಗೊಬ್ಬರ ಕೊಳೆಸಿ, ನವಣೆ ಗಂಜಿ ಕುಡಿದು, ಗಾಣದ ಎಣ್ಣೆಯ ಮಹಿಮೆಯನ್ನು ಬೀದಿಗೆಲ್ಲ ಸಾರಿ ಮುಗಿಸಿದ ಮೇಲೆ, ಒಂದು ಭಾನುವಾರ ಬಚ್ಚಲುಮನೆಯಲ್ಲಿ ಅವನಿಗೆ ಜ್ಞಾನೋದಯವಾಗುತ್ತದೆ: ಸೋಪನ್ನೂ ಮನೆಯಲ್ಲೇ ಮಾಡಬಹುದಲ್ಲ! ಅದಾದ ಹದಿನೈದನೆಯ ದಿನ ಅವನು ನಿಮ್ಮ ಗೇಟಿನ ಹತ್ತಿರ ನಿಂತಿರುತ್ತಾನೆ, ಕೈಯಲ್ಲಿ ಬಾಳೆನಾರಿನಿಂದ ಕಟ್ಟಿದ ಕಂದು ಕಾಗದದ ಪೊಟ್ಟಣ. "ತಗೊಳ್ಳಿ ಸಾರ್, ಮನೇಲೇ ಮಾಡಿದ್ದು. ಒಂದು ಚೂರೂ ಕೆಮಿಕಲ್ ಇಲ್ಲ." ಇಲ್ಲಿ ಬರೆಯುತ್ತಿರುವುದು ಯಾವ ಒಬ್ಬ ವ್ಯಕ್ತಿಯನ್ನೂ ಕುರಿತಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮೂಲೆಯಲ್ಲಿ ಹೆಬ್ಬೆರಳಿನ ಗುರುತು, ನಡುವೆ ಅಂಟಿಕೊಂಡ ಅರ್ಧ ದಾಸವಾಳದ ಎಸಳು, ಒಂದು ಪಕ್ಕ ಸೊಟ್ಟಗೆ ಕತ್ತರಿಸಿದ ಅಂಚು, ಇವೆಲ್ಲ ಮನೆ ಸೋಪಿನ ಸಾಮಾನ್ಯ ಲಕ್ಷಣಗಳೇ ಹೊರತು ಯಾರದೋ ಒಂದು ಸೋಪಿನ ವರ್ಣನೆ ಅಲ್ಲ. ನನ್ನ ವಾದ ಇಷ್ಟೇ: ಸೋಪಣ್ಣನ ಮೊದಲ ಸೋಪು ಕೆಡುವುದು ಎಣ್ಣೆಯಿಂದಲ್ಲ, ಹವೆಯಿಂದಲ್ಲ, ಅಂಗಡಿಯವನ ಮೋಸದಿಂದಲೂ ಅಲ್ಲ. ತೂಕ ಹಾಕಬೇಕಾದ ಜಾಗದಲ್ಲಿ ಅವನು ಒಳ್ಳೆಯ ಮನಸ್ಸು ಹಾಕುತ್ತಾನೆ, ಅದರಿಂದ ಕೆಡುತ್ತದೆ.

ಆ 'ಕೆಮಿಕಲ್ ಇಲ್ಲ' ಎಂಬ ಮಾತಿನಿಂದಲೇ ಶುರುಮಾಡೋಣ. ಕ್ಷಾರ ಸೇರದೆ ಎಣ್ಣೆ ಸೋಪಾಗುವುದಿಲ್ಲ. ಗಟ್ಟಿ ಸೋಪಿಗೆ ಬೇಕಾದ ಕ್ಷಾರ ಕಾಸ್ಟಿಕ್ ಸೋಡಾ. ಕಟ್ಟಿಕೊಂಡ ಮೋರಿಗೆ ಸುರಿಯುತ್ತಾರಲ್ಲ, ಅದೇ. ನೀರಿಗೆ ಬಿದ್ದರೆ ಸಾಕು, ಒಲೆಯ ಹಂಗಿಲ್ಲದೆ ನೀರು 80 ಡಿಗ್ರಿಯವರೆಗೂ ಕಾಯುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಕೈಗೆ ಗ್ಲೌಸು ಕಣ್ಣಿಗೆ ಕನ್ನಡಕ ಇರಲೇಬೇಕು ಎಂಬ ನಿಯಮಗಳು ಹುಟ್ಟಿದ್ದು ಅದಕ್ಕೇ. ಈ ಉಗ್ರಮೂರ್ತಿಯೂ ಎಣ್ಣೆಯೂ ಒಂದನ್ನೊಂದು ತಿಂದು ಮುಗಿಸಿದ ಮೇಲೆ ಉಳಿಯುವವು ಸೋಪು ಮತ್ತು ಗ್ಲಿಸರಿನ್ ಎಂಬ ಎರಡು ಸಾಧುಗಳು. ಹಾಗಾಗಿ ಅಳತೆ ಸರಿಯಿದ್ದರೆ ತಯಾರಾದ ಸೋಪಿನಲ್ಲಿ ಕಾಸ್ಟಿಕ್ ಇರುವುದಿಲ್ಲ ಎಂಬುದು ನಿಜವೇ. ಆದರೆ ಅಳತೆ ಸರಿಯಿದ್ದರೆ! ಸೋಪಣ್ಣ ಈ 'ಆದರೆ'ಯನ್ನು ನುಂಗಿಬಿಡುತ್ತಾನೆ. ಒತ್ತಾಯಿಸಿ ಕೇಳಿದರೆ "ಅದು ಬರೀ ಸೋಡಾ ಅಷ್ಟೇ ಸಾರ್" ಎನ್ನುತ್ತಾನೆ, ಬೋಂಡಾಕ್ಕೆ ಹಾಕುವ ಅಡುಗೆ ಸೋಡಾದ ದೂರದ ನೆಂಟನನ್ನು ಪರಿಚಯ ಮಾಡಿಸುವ ಧಾಟಿಯಲ್ಲಿ.

ಈಗ ಲೆಕ್ಕ ನೋಡಿ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಚರ್ಮಕ್ಕೆ ಹಿತವಾಗಲೆಂದು ಸ್ವಲ್ಪ ಎಣ್ಣೆಯನ್ನು ಹಾಗೇ ಉಳಿಸುವುದು ವಾಡಿಕೆ. ಅದಕ್ಕಾಗಿ ಸೋಡಾದಲ್ಲಿ ನೂರಕ್ಕೆ ಐದು ಕಡಿಮೆ ಮಾಡಿ 174 ಗ್ರಾಂ ಎಂದು ಬರೆದಿರುತ್ತಾರೆ. ಸೋಪಣ್ಣ ಅದನ್ನು ಓದುತ್ತಾನೆ, ಗಾಣದಿಂದ ತಂದ ಒಂದು ಲೀಟರ್ ಬಾಟಲಿಯನ್ನು ಪಾತ್ರೆಗೆ ಬಗ್ಗಿಸುತ್ತಾನೆ. ಲೀಟರ್ ಆದರೇನು ಕಿಲೋ ಆದರೇನು, ಎರಡೂ ಒಂದೇ ತಾನೇ? ಅಲ್ಲ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ತೂಗುವುದು 920 ಗ್ರಾಂ ಆಸುಪಾಸು. ಅಷ್ಟಕ್ಕೆ ಪೂರ್ತಿ ಬೇಕಾದ ಸೋಡಾವೇ 168 ಗ್ರಾಂ. ಉಳಿಯಬೇಕಾದ ಎಣ್ಣೆ ಉಳಿಯಲಿಲ್ಲ, ಉಳಿಯಬಾರದ ಸೋಡಾ 6 ಗ್ರಾಂ ಉಳಿಯಿತು. ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನೊರೆ ಚೆನ್ನಾಗಿ ಬರಲೆಂದು ಅವನು ಕಾಲು ಭಾಗ ಕೊಬ್ಬರಿ ಎಣ್ಣೆಯ ಬದಲು ಹರಳೆಣ್ಣೆ ಹಾಕುತ್ತಾನೆ. ಹರಳೆಣ್ಣೆಗೆ ಬೇಕಾದ ಸೋಡಾ ಕಿಲೋಗೆ ಸುಮಾರು 128 ಗ್ರಾಂ ಮಾತ್ರ ಎಂಬುದನ್ನು ಯಾರು ನೋಡಬೇಕು? ಇನ್ನೊಂದು ಕಡೆ ಸೋಡಾದ ಪೊಟ್ಟಣ ಬಾಯಿ ತೆರೆದು ಕಿಟಕಿಯಲ್ಲಿ ಕೂತು ಗಾಳಿಯ ತೇವ ಹೀರಿರುತ್ತದೆ. ಅಂದರೆ ತೂಗಿದ 174 ಗ್ರಾಮಿನಲ್ಲಿ ಒಂದಿಷ್ಟು ಬರೀ ನೀರು. ಕೆಲವೊಮ್ಮೆ ಹೀಗೂ ಆಗುತ್ತದೆ: ಹೆಚ್ಚಾದ ತಪ್ಪು, ಕಡಿಮೆಯಾದ ತಪ್ಪು ಎರಡೂ ಒಂದನ್ನೊಂದು ಹೊಡೆದುಹಾಕಿ ಸೋಪು ಪರವಾಗಿಲ್ಲ ಎನ್ನುವಂತೆ ಬಂದುಬಿಡುತ್ತದೆ. ಸೋಪಣ್ಣ ಇದಕ್ಕೆ ಇಟ್ಟ ಹೆಸರು ಕೈಗುಣ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಸಾಮಾನ್ಯವಾಗಿ ಸೋಪಣ್ಣನ ಬಾಯಿಂದಲೇ. "ನಮ್ಮಜ್ಜಿ ಯಾವತ್ತಾದರೂ ತೂಕ ಮಾಡಿ ಸಾರು ಮಾಡಿದ್ದಳಾ?" ಮಾಡಿರಲಿಲ್ಲ, ಒಪ್ಪಿದೆ. ಆದರೆ ಸಾರಿಗೆ ಉಪ್ಪು ಕಡಿಮೆಯಾದರೆ ಮೇಲೆ ಹಾಕಬಹುದು, ಹೆಚ್ಚಾದರೆ ನೀರು ಬೆರೆಸಬಹುದು; ಸಾರು ಕೊನೆಯವರೆಗೂ ಮಾತು ಕೇಳುತ್ತದೆ. ಹಾಗಾದರೆ ಮೈಸೂರು ಪಾಕ್? ಅದೂ ಕ್ಷಮಿಸುವುದಿಲ್ಲವಲ್ಲ, ಅದನ್ನೂ ಕಣ್ಣಳತೆಯಲ್ಲೇ ಮಾಡುತ್ತಾರಲ್ಲ? ಮಾಡುತ್ತಾರೆ, ಯಾಕೆಂದರೆ ಮೈಸೂರು ಪಾಕ್ ಮುನ್ಸೂಚನೆ ಕೊಡುತ್ತದೆ. ಪಾಕ ಎಳೆ ಬಿಡುತ್ತದೆ, ಘಮ ಬದಲಾಗುತ್ತದೆ, ಬಾಣಲೆಯ ಅಂಚು ಬಿಟ್ಟು ಬರುತ್ತದೆ. ಸೋಪಿನ ಮಿಶ್ರಣವೂ ದೋಸೆ ಹಿಟ್ಟಿನ ಹದಕ್ಕೆ ಬಂದು, ಸೌಟಿನಿಂದ ಇಳಿಬಿಟ್ಟ ಗೆರೆ ಮೇಲೆ ನಿಲ್ಲುತ್ತದೆ ನಿಜ. ಆದರೆ 6 ಗ್ರಾಂ ಸೋಡಾ ಹೆಚ್ಚಿದ್ದರೂ ಅದೇ ಹದ, ಅದೇ ಗೆರೆ, ಅದೇ ಬಣ್ಣ. ಗೊತ್ತಾಗುವುದು ಆಮೇಲೆ, ಚಾಕು ಇಟ್ಟಾಗ ಪುಡಿಪುಡಿಯಾದಾಗಲೋ ನಾಲಿಗೆಯ ತುದಿಗೆ ಮುಟ್ಟಿಸಿದರೆ ಚುರ್ರೆಂದಾಗಲೋ. ಹಿಂದಿನವರು ಬೂದಿನೀರಿನಲ್ಲಿ ಮಾಡುತ್ತಿದ್ದರು, ಅವರಿಗೇನು ತಕ್ಕಡಿ ಇತ್ತೇ ಎಂದು ಕೇಳಿದರೂ ಉತ್ತರವಿದೆ. ಯುರೋಪು, ಅಮೆರಿಕಗಳ ಹಳ್ಳಿಯ ಹೆಂಗಸರು ಬೂದಿನೀರಿನಲ್ಲಿ ಮೊಟ್ಟೆ ತೇಲಿಸಿ, ಅದು ಎಷ್ಟು ಮೇಲೆ ನಿಂತಿತು ಎಂದು ನೋಡಿ ಖಾರ ಅಳೆಯುತ್ತಿದ್ದರು. ಮೊಟ್ಟೆಯೇ ಅವರ ತಕ್ಕಡಿ. ಎಣ್ಣೆ, ಕ್ಷಾರಗಳ ಒಳಗುಟ್ಟನ್ನು ಫ್ರಾನ್ಸಿನ ಶೆವ್ರಲ್ ಪುಸ್ತಕ ಬರೆದು ಬಿಡಿಸಿಟ್ಟದ್ದು 1823ರಲ್ಲಿ. ಅದಕ್ಕೆ ಮುಂಚೆಯೂ ಅಳೆಯದೆ ಯಾರೂ ಮಾಡಲಿಲ್ಲ. ಅಳೆಯುವ ಸಾಧನ ಬೇರೆ ಇತ್ತು, ಅಷ್ಟೇ.

ಆದರೆ ಸೋಪಣ್ಣನ ನಿಜವಾದ ಪ್ರತಿಭೆ ನೋಡಬೇಕೆಂದರೆ ಅರಿಶಿನದ ಪ್ರಕರಣಕ್ಕೆ ಬರಬೇಕು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ, ಕ್ಷಮಿಸಿ. ಮೊದಲ ಸೋಪಿಗೆ ಅವನು ಅರಿಶಿನ ಹಾಕದೆ ಬಿಡುವುದಿಲ್ಲ. ಮದುವಣಗಿತ್ತಿಗೆ ಹಚ್ಚುವ, ದೇವರಿಗೆ ಏರಿಸುವ, ಗಾಯಕ್ಕೆ ಮೆತ್ತುವ ಅರಿಶಿನ ಸೋಪಿಗೆ ಬೇಡವೇ? ಹೊಂಬಣ್ಣದ ಸೋಪನ್ನು ಅವನು ಮನಸ್ಸಿನಲ್ಲಿ ಆಗಲೇ ಕತ್ತರಿಸಿ, ಪೊಟ್ಟಣ ಕಟ್ಟಿ, ಹಂಚಿಯೂ ಆಗಿರುತ್ತದೆ. ಎರಡು ಚಮಚ ಪುಡಿ ಸುರಿದು ಕಲಕುತ್ತಾನೆ. ಹಳದಿ ಒಂದು ಕ್ಷಣ ಮಿನುಗಿ, ಕಣ್ಣೆದುರೇ ಕೆಂಪಾಗಿ, ಪಾತ್ರೆಯೊಳಗೆ ಯಾರದೋ ಕೊಲೆಯಾದಂತೆ ಕಾಣುತ್ತದೆ. ಸೋಪಣ್ಣ ಬೆಚ್ಚಿಬೀಳುತ್ತಾನೆ. "ಅರಿಶಿನದಲ್ಲಿ ಕಲಬೆರಕೆ! ಈಗೆಲ್ಲ ಬರೀ ಬಣ್ಣ ಸಾರ್, ಬರೀ ಬಣ್ಣ!" ಎಂದು ಆ ಕ್ಷಣದಿಂದ ದಿನಸಿ ಅಂಗಡಿಯವನ ಮೇಲೆ ಯುದ್ಧ ಸಾರುತ್ತಾನೆ. ಇದರಲ್ಲಿ ಮನಸ್ಸಿಗೆ ನಾಟುವ ಸಂಗತಿ ಒಂದಿದೆ. ಅವನ ಮನೆಯಲ್ಲೇ ಪ್ರತಿ ಹಬ್ಬಕ್ಕೂ ತಟ್ಟೆಯ ನೀರಿಗೆ ಅರಿಶಿನ ಕದಡಿ, ಚಿಟಿಕೆ ಸುಣ್ಣ ಹಾಕಿ ಕೆಂಪು ಆರತಿ ಎತ್ತುತ್ತಾರೆ. ಓಕುಳಿ ಕೆಂಪಾಗುವುದು ಹೇಗೆಂದು ಅವನ ತಾಯಿಗೆ ಗೊತ್ತು, ಹೆಂಡತಿಗೆ ಗೊತ್ತು, ಅರಿಶಿನದ ಕಲೆಯಾದ ಅಂಗಿಗೆ ಸೋಪು ಹಚ್ಚಿ ಕೆಂಪಾದದ್ದನ್ನು ಕಂಡ ಕೆಲಸದವರಿಗೂ ಗೊತ್ತು. ಸುಣ್ಣವೂ ಕ್ಷಾರ, ಕಾಸ್ಟಿಕ್ಕೂ ಕ್ಷಾರ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪೇ. ಅದರಲ್ಲಿ ಅರಿಶಿನ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಕ್ಷಾರ ಖರ್ಚಾದ ಹಾಗೆ ಆ ಕೆಂಪು ತಾನಾಗಿ ಇಳಿದು ಕಿತ್ತಳೆಗೋ ಮಾಸಲು ಕಂದಿಗೋ ಬಂದು ನಿಲ್ಲುತ್ತದೆ. ಆ ಮಾಸಲು ಕಂದು ಸೋಪನ್ನೇ ಸೋಪಣ್ಣ ಎರಡು ವಾರದ ಮೇಲೆ 'ಚಂದನ ವರ್ಣ' ಎಂದು ಕರೆದು ನಿಮ್ಮ ಕೈಗಿಡುವುದು. ಹಾಲು, ಜೇನು ಹಾಕಿದವನ ಪಾಡು ಬೇರೆಯಲ್ಲ: ಎರಡರಲ್ಲಿಯೂ ಇರುವ ಸಕ್ಕರೆ ಕಾವೇರಿಸಿ ಸೋಪು ಅಚ್ಚಿನಿಂದ ಉಕ್ಕಿ ಬರುತ್ತದೆ. ಒಳ್ಳೆಯ ಪದಾರ್ಥಗಳೇ ಅವನನ್ನು ಕೆಡಿಸುತ್ತವೆ.

ಉಳಿದ ಗುಣಗಳನ್ನು ಬೇಗ ಹೇಳಿ ಮುಗಿಸಬಹುದು. ಇಂಡಾಲಿಯಂ ಪಾತ್ರೆಗೆ ಕಾಸ್ಟಿಕ್ ಹಾಕಿ, ಅದು ಬುಸುಗುಟ್ಟಿ ಪಾತ್ರೆ ಕಪ್ಪಾದ ಮೇಲೆ ಸ್ಟೀಲ್ ಬೇಕಿತ್ತೆಂದು ಕಲಿಯುತ್ತಾನೆ. ಹಾಗೆ ಬರುವ ಗಾಳಿ ಹೈಡ್ರೋಜನ್ ಎಂದು ಆಮೇಲೆ ತಿಳಿದು ಒಲೆಯ ಕಡೆ ನೋಡುತ್ತಾನೆ. ಡಿಸೆಂಬರ್ ಬೆಳಗಿನ ಬೆಂಗಳೂರಿನಲ್ಲಿ ಕೊಬ್ಬರಿ ಎಣ್ಣೆ ಚಳಿಗೇ ಹೆಪ್ಪುಗಟ್ಟುತ್ತದೆ. ಅದನ್ನೇ ಹದ ಬಂತೆಂದು ತಿಳಿದು ಅಚ್ಚಿಗೆ ಸುರಿಯುತ್ತಾನೆ, ಮಧ್ಯಾಹ್ನದ ಬಿಸಿಲಿಗೆ ಎಣ್ಣೆ ಮೇಲೆ, ಕ್ಷಾರದ ನೀರು ಕೆಳಗೆ. ಲವಂಗದೆಣ್ಣೆ ನಾಲ್ಕು ಹನಿ ಎಂದರೆ ನಾಲ್ಕು ಚಮಚ ಹಾಕುತ್ತಾನೆ, ಸೌಟು ಮಿಶ್ರಣದಲ್ಲೇ ಸಿಕ್ಕಿಕೊಳ್ಳುತ್ತದೆ. ಬರೀ ಕೊಬ್ಬರಿ ಎಣ್ಣೆಯ ಸೋಪನ್ನು ಅದೇ ದಿನ, ಬೆಚ್ಚಗಿರುವಾಗಲೇ ಕತ್ತರಿಸಬೇಕು. ಅವನು ರಾಹುಕಾಲ ಕಳೆದು ಮರುದಿನ ಚಾಕು ಹಿಡಿಯುತ್ತಾನೆ, ಸೋಪು ಹಂಚಿನಂತೆ ಒಡೆಯುತ್ತದೆ. ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ ಕೂತರೆ ಅದು ಗಾಳಿಯ ಜೊತೆ ಸೇರಿದ ಸೋಡಾ, ಒರೆಸಿದರೆ ಹೋಗುತ್ತದೆ. ಅವನು ಅದನ್ನು ಬೂಷ್ಟು ಎಂದು ಹೆದರುತ್ತಾನೆ. ಹೆದರಬೇಕಾದಲ್ಲಿ ಧೈರ್ಯ, ಧೈರ್ಯ ಬೇಕಾದಲ್ಲಿ ಹೆದರಿಕೆ. ಇದೇ ನಾಡಿನಲ್ಲಿ, ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆದರು. ಆ ಎಣ್ಣೆಯಿಂದ ಸೋಪು ಮಾಡುವ ಮಾತು ಬಂದಾಗ ಅರಮನೆಯವರಾಗಲಿ ದಿವಾನರಾಗಲಿ ಕೈಗುಣ ನಂಬಿ ಸೌಟು ಹಿಡಿಯಲಿಲ್ಲ, ಎಸ್.ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು ವಿದ್ಯೆ ಕಲಿತು ಬರಲು ಇಂಗ್ಲೆಂಡಿಗೆ ಕಳಿಸಿದರು. ಜನ ಅವರನ್ನು 'ಸೋಪ್ ಶಾಸ್ತ್ರಿ' ಎಂದೇ ಕರೆದರು. ನಮ್ಮ ಸೋಪಣ್ಣ ತನ್ನನ್ನು ತಾನೇ ಕಳಿಸಿಕೊಳ್ಳುವುದು ಹನ್ನೆರಡು ನಿಮಿಷದ ವಿಡಿಯೋಗೆ, ಅದರಲ್ಲೂ ತೂಕದ ಭಾಗ ಬಂದಾಗ ಓಡಿಸಿಬಿಡುತ್ತಾನೆ.

ಪಾಪ, ಹವ್ಯಾಸಕ್ಕೆ ಮಾಡುವವನ ಮೇಲೆ ಇಷ್ಟೊಂದು ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು, ಅವನ ಪರವಾಗಿಯೂ ಸಾಕ್ಷಿ ಇದೆ. ಅವನ ಸೋಪು ನೊರೆ ಬರುವುದಿಲ್ಲ ಎಂದು ದೂರುವ ಎಷ್ಟೋ ಮನೆಗಳಲ್ಲಿ ಬರುವುದು ಬೋರ್‌ವೆಲ್ಲಿನ ಗಡಸು ನೀರು; ಆ ನೀರಿನ ಕ್ಯಾಲ್ಸಿಯಂ ಎಂಥ ಸೋಪನ್ನಾದರೂ ಬಕೆಟ್ಟಿನ ಗೋಡೆಗೆ ಜಿಡ್ಡಾಗಿ ಅಂಟಿಸುತ್ತದೆ. ದೊಡ್ಡ ಕಾರ್ಖಾನೆಗಳು ಬೇರೆ ಮಾಡಿ ಮಾರಿಕೊಳ್ಳುವ ಗ್ಲಿಸರಿನ್ ಅವನ ಸೋಪಿನಲ್ಲಿ ಹಾಗೇ ಇರುತ್ತದೆ. ಕೆಟ್ಟ ಸೋಪೂ ಸತ್ತ ಸೋಪಲ್ಲ: ತುರಿಮಣೆಯಲ್ಲಿ ತುರಿದು, ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಕ್ಷಾರ ಹೆಚ್ಚಿದ್ದರೆ ಎಣ್ಣೆ ಸೇರಿಸಿ ಮತ್ತೆ ಅಚ್ಚಿಗೆ ಹಾಕಬಹುದು. ಸೋಲೇ ಗುರು ಎಂಬ ಮಾತು ಸೋಪಿನ ಮಟ್ಟಿಗೆ ಸತ್ಯ, ಆದರೆ ಒಂದು ಷರತ್ತಿದೆ. ಎಷ್ಟು ಎಣ್ಣೆ, ಎಷ್ಟು ಸೋಡಾ ಹಾಕಿದ್ದೆ ಎಂದು ಬರೆದಿಟ್ಟುಕೊಂಡಿದ್ದರೆ ಮಾತ್ರ ಎಷ್ಟು ಸೇರಿಸಬೇಕು ಎಂದು ಗೊತ್ತಾಗುವುದು. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವವನು ಸೋಪಿನ ಲೆಕ್ಕವನ್ನು ಮಾತ್ರ ಎಲ್ಲೂ ಬರೆಯುವುದಿಲ್ಲ. ಒಂದು ಸಾಲು ಬರೆದಿದ್ದರೆ ಸೋಲು ಪಾಠವಾಗುತ್ತಿತ್ತು. ಬರೆಯದ ಸೋಲು ಹಣೆಬರಹವಾಗುತ್ತದೆ.

ಇಷ್ಟು ವಾದಿಸಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕಾಗುತ್ತದೆ. ಅಚ್ಚಿಗೆ ಸುರಿದ ಮೇಲೆ ಸೋಪಣ್ಣನಿಗೆ ಉಳಿಯುವ ಅಳತೆಗೋಲು ಒಂದೇ, ಸೋಪು ಪಡೆದ ನಮ್ಮ ಮಾತು. ನಾವು ಏನು ಹೇಳುತ್ತೇವೆ? ಪೊಟ್ಟಣವನ್ನು ಮೂಸಿ, ಕಣ್ಣರಳಿಸಿ, "ಆಹಾ, ಅಂಗಡೀದು ಇದರ ಮುಂದೆ ಏನೂ ಅಲ್ಲ ಬಿಡಿ" ಎನ್ನುತ್ತೇವೆ. ಸೋಪು ಕೊಟ್ಟವನಿಗೇ ಸೋಪು ಹಾಕುತ್ತೇವೆ. ಕಣ್ಣಳತೆಯವನೆಂದು ಅವನನ್ನು ಹೀಗಳೆಯುವ ನಾವು ಅವನಿಗೆ ಕೊಡುವುದು ಸುಳ್ಳು ತೂಕ. "ಸ್ವಲ್ಪ ಉರಿಯಿತು, ಬೇಗ ಕರಗಿತು" ಎಂದು ಒಬ್ಬರಾದರೂ ಹೇಳಿದ್ದರೆ ಅವನು ಇನ್ನೂ ಎಳೆಯ ಸೋಪನ್ನು ಹಂಚಿದ್ದೇನೆ ಎಂದು ತಿಳಿದುಕೊಳ್ಳುತ್ತಿದ್ದ. ಯಾಕೆಂದರೆ ಮನೆ ಸೋಪು ಗಾಳಿಯಾಡುವ ಜಾಗದಲ್ಲಿ ನಾಲ್ಕರಿಂದ ಆರು ವಾರ ಒಣಗಿ, ಒಳಗಿನ ನೀರು ಹೋಗಿ ಗಟ್ಟಿಯಾಗಬೇಕು. ಅವನಿಗೆ ಇರುವ ಸಂಭ್ರಮಕ್ಕೆ ಎರಡು ವಾರವೇ ಒಂದು ಯುಗ. ಎಲ್ಲವನ್ನೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ತರಿಸಿಕೊಳ್ಳುವ ಬೀದಿಯಲ್ಲಿ ಎರಡು ವಾರ ಒಂದು ವಸ್ತುವಿಗಾಗಿ ದಿನಾ ತಟ್ಟೆಯ ಮುಂದೆ ನಿಂತು, ತಿರುವಿ ಹಾಕಿ ಕಾದವನು ಅವನೊಬ್ಬನೇ ಎಂಬುದು ಆಗ ನಮಗೆ ಹೊಳೆಯುವುದಿಲ್ಲ. ಪೊಟ್ಟಣವನ್ನು ಬೀರುವಿನಲ್ಲಿ, ಬಟ್ಟೆಗೆ ವಾಸನೆಯಾದರೂ ಬರಲಿ ಎಂದು ಹಳೆಯ ಸೀರೆಗಳ ಕೆಳಗೆ ತುರುಕಿಬಿಡುತ್ತೇವೆ. ಆರೇಳು ತಿಂಗಳ ಮೇಲೆ ಒಂದು ದಿನ ಮನೆಯಲ್ಲಿ ಸೋಪು ಮುಗಿದಿರುತ್ತದೆ, ಹೊರಗೆ ಮಳೆ ಸುರಿಯುತ್ತಿರುತ್ತದೆ, ನೆನಪಾಗಿ ಆ ಪೊಟ್ಟಣ ಹೊರಬರುತ್ತದೆ. ಸೋಪು ಕಲ್ಲಿನಂತೆ ಗಟ್ಟಿಯಾಗಿದೆ. ನೊರೆ ಬೆಣ್ಣೆಯಂತೆ ಏಳುತ್ತದೆ. ಉರಿಯಿಲ್ಲ, ಜಿಡ್ಡಿಲ್ಲ, ದಾಸವಾಳದ ಎಸಳು ಮಾತ್ರ ಬೆನ್ನಿಗೆ ಒಂದಿಷ್ಟು ಕೆರೆಯುತ್ತದೆ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದ್ದವೋ, ಕೈಗುಣವೋ, ಏನಾದರೂ ಆಗಿರಲಿ, ನಿಜಕ್ಕೂ ಚೆನ್ನಾಗಿದೆ. ಹೋಗಿ ಅವನಿಗೆ ಹೇಳೋಣವೆಂದರೆ ಹೇಳಲು ಏನೂ ಉಳಿದಿಲ್ಲ. ಅದನ್ನೆಲ್ಲ ನಾವು ಅವತ್ತೇ ಗೇಟಿನ ಹತ್ತಿರ ಹೇಳಿಬಿಟ್ಟಿದ್ದೇವೆ.