ಮೆಲೋಡೀಸ್ ಮಾಲೀಕನೂ ಒಂಟಿ ಸ್ಟಾರೂ

ಮದುವೆಯ ಆರತಕ್ಷತೆ, ಜಾತ್ರೆ, ಗಣಪತಿ, ಜಯಂತಿ, ಶಾಸಕರ ಹುಟ್ಟುಹಬ್ಬ, ಇವಕ್ಕೆಲ್ಲ ಹಾಡು, ಕುಣಿತ, ಮಿಮಿಕ್ರಿ ಒದಗಿಸುವ ರಸಮಂಜರಿ ತಂಡದ ಒಡೆಯನಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಮೆಲೋಡೀಸ್ ಮಾಲೀಕ ಎಂದು ಹೆಸರು. ತಂಡದ ಹೆಸರಿನ ಪೂರ್ವಾರ್ಧ ಮನೆದೇವರದೋ ಮಗಳದೋ ಆಗಿರುತ್ತದೆ. ಉತ್ತರಾರ್ಧ ಮಾತ್ರ ಕಡ್ಡಾಯವಾಗಿ ‘ಮೆಲೋಡೀಸ್’. ಅವನ ಆಸ್ತಿ ನಾಲ್ಕು ಸ್ಪೀಕರ್ ಬಾಕ್ಸು, ಒಂದು ಮಿಕ್ಸರು, ಕಂತು ತೀರದ ಕೀಬೋರ್ಡು, ಬಾಡಿಗೆಯ ಟಾಟಾ ಏಸು. ವಿಸಿಟಿಂಗ್ ಕಾರ್ಡಿನಲ್ಲಿ ಮೂರು ಫೋನ್ ನಂಬರುಗಳಿರುತ್ತವೆ. ಒಂದು ಅವನದು, ಇನ್ನೊಂದು ಹೆಂಡತಿಯದು, ಮೂರನೆಯದು ಜಗಳವಾಡಿ ಬಿಟ್ಟುಹೋದ ಪಾಲುದಾರನದು. ಆ ಪಾಲುದಾರ ಈಗ ಪಕ್ಕದ ಊರಲ್ಲಿ ಬೇರೆ ಮೆಲೋಡೀಸ್ ನಡೆಸುತ್ತಾನೆ. ಕಾರ್ಡು ಇನ್ನೂ ಒಂದು ಕಟ್ಟು ಉಳಿದಿವೆ, ಎಸೆಯಲು ಮನಸ್ಸಿಲ್ಲ. ಹೀಗಾಗಿ ಗಿರಾಕಿ ಮೂರನೇ ನಂಬರು ಒತ್ತಿದರೆ ಬುಕಿಂಗ್ ನೇರ ಎದುರಾಳಿಗೇ ಹೋಗುತ್ತದೆ.

ಮೂರೂ ಊರು ಜೇವರ್ಗಿಯಿಂದ ಬಳ್ಳಾರಿ ಕಡೆ ಹೋಗುವ 150ಎ ಹೆದ್ದಾರಿಯ ಮೇಲಿವೆ. ಒಂದರಿಂದ ಒಂದಕ್ಕೆ ಸುಮಾರು 30 ಕಿ.ಮೀ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ, ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಇದೆ, 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕು ಮಸ್ಕಿಗೆ ಹೊಸ ಉಮೇದು ಇದೆ. ರಸಮಂಜರಿಗೆ ಈ ಮೂರರಲ್ಲಿ ಮುಖ್ಯವಾದದ್ದು ಕಾಲುವೆ. ಎರಡನೇ ಬೆಳೆಗೆ ನೀರು ಬಂದರೆ ಮದುವೆಗೆ ರಸಮಂಜರಿ, ಬಾರದಿದ್ದರೆ ಪೆನ್‌ಡ್ರೈವ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ರೈತನ ಜೊತೆಗೆ ನಿದ್ದೆಗೆಟ್ಟವರಲ್ಲಿ ಮೆಲೋಡೀಸ್ ಮಾಲೀಕನೂ ಒಬ್ಬ. ಅವನ ಚಿಂತೆಯನ್ನು ಯಾವ ಚಾನೆಲ್ಲೂ ತೋರಿಸಲಿಲ್ಲ.

ಈ ಸೀಮೆಯಲ್ಲಿ ತಂಡಗಳ ಹೆಸರು ಬಹಳ, ಕಲಾವಿದರು ಕಡಿಮೆ. ಎಸ್‌ಪಿಬಿ ದನಿಯವನು ಒಬ್ಬ, ರಾಜ್‌ಕುಮಾರ್ ದನಿಯವನು ಇನ್ನೊಬ್ಬ. ರಿದಂ ಪ್ಯಾಡ್ ಬಾರಿಸುವ ಹುಡುಗ ಸೋಮವಾರ ಒಂದು ಬ್ಯಾನರಿನ ಕೆಳಗೆ, ಗುರುವಾರ ಇನ್ನೊಂದರ ಕೆಳಗೆ. ಜನರೇಟರು ಎಲ್ಲರಿಗೂ ಒಬ್ಬನದೇ. ತಂಡದಿಂದ ತಂಡಕ್ಕೆ ನಿಜವಾಗಿ ಬದಲಾಗುವುದು ಹಿಂದೆ ಕಟ್ಟುವ ಫ್ಲೆಕ್ಸು ಮತ್ತು ‘ಹಲೋ, ಮೈಕ್ ಟೆಸ್ಟಿಂಗ್’ ಎನ್ನುವ ದನಿ. ಹೀಗಿರುವಲ್ಲಿ ಎದುರಾಳಿಯ ಹಾಡುಗಾರನಿಗೆ ತಾಳಜ್ಞಾನವಿಲ್ಲ ಎಂದು ಯಾರಾದರೂ ಬರೆದರೆ, ಬೈದದ್ದು ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಮುಂದಿನ ವಾರ ಅದೇ ಹಾಡುಗಾರ ಬರೆದವನ ಸ್ಟೇಜಿನ ಮೇಲೇ ನಿಂತಿರುತ್ತಾನೆ.

ಎದುರಾಳಿಯನ್ನು ಹಳಿಯುವುದು ಈ ಕಸುಬಿಗೆ ಹೊಸದಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟು ಹಾಕುತ್ತವೆ. ಒಂದರ ಧ್ವನಿವರ್ಧಕ ಇನ್ನೊಂದರ ಗೇಟಿನವರೆಗೂ ಕೇಳುತ್ತದೆ. ಆದರೆ ಅಲ್ಲಿ ಕೂಗುವವನ ಮುಖ ಕಾಣುತ್ತದೆ, ಜಾತ್ರೆ ಮುಗಿದ ಮೇಲೆ ಮಾತೂ ಟೆಂಟಿನ ಜೊತೆ ಗಂಟುಮೂಟೆ ಕಟ್ಟುತ್ತದೆ. ಫೋನಿನಲ್ಲಿ ಬಿದ್ದ ಮಾತಿಗೆ ಜಾತ್ರೆ ಮುಗಿಯುವುದಿಲ್ಲ.

ನಿಂದೆಯ ಮೊದಲ ಬಗೆ ಒಂಟಿ ಸ್ಟಾರು. ಗೂಗಲ್ ಮ್ಯಾಪಿನಲ್ಲಿ ತಂಡದ ಹೆಸರಿನ ಕೆಳಗೆ ‘ಕಿಂಗ್’ ಎಂಬ ಹೆಸರಿನವನೊಬ್ಬ ಒಂದೇ ಸ್ಟಾರು ಕೊಟ್ಟು, ‘ಸೌಂಡ್ ಸರಿ ಇಲ್ಲ, ಎಲ್ಲಾ ಟ್ರ್ಯಾಕ್ ಹಾಡು, ಬಾಯಿ ಅಷ್ಟ ಆಡಸ್ತಾರ’ ಎಂದು ಬರೆದಿರುತ್ತಾನೆ. ಪ್ರೊಫೈಲಿನಲ್ಲಿ ಅವನ ಚಿತ್ರದ ಬದಲು ಒಂದು ಹುಲಿ. ಮಾಲೀಕ ಆ ಹುಲಿಯನ್ನು ರಾತ್ರಿಯಿಡೀ ದೊಡ್ಡದು ಮಾಡಿ ನೋಡುತ್ತಾನೆ.

ಎರಡನೆಯದು ಖಾಲಿ ಕುರ್ಚಿಯ ವಿಡಿಯೊ. ಇದಕ್ಕೆ ಕೊಂಚ ಕೌಶಲ ಬೇಕು. ರಸಮಂಜರಿ ಏಳಕ್ಕೆ ಶುರುವಾದರೂ ಜನ ಊಟ ಮುಗಿಸಿ ಬಂದು ಕೂಡುವುದು ಒಂಬತ್ತಕ್ಕೆ. ಏಳೂಕಾಲಿಗೆ, ಪ್ರಾರ್ಥನೆಯ ಹಾಡಿನ ಹೊತ್ತಿಗೆ, ಎದುರಾಳಿಯ ಕಡೆಯ ಹುಡುಗನೊಬ್ಬ ಹಿಂದಿನ ಸಾಲಿನಲ್ಲಿ ನಿಂತು ಅರ್ಧ ನಿಮಿಷ ಚಿತ್ರೀಕರಿಸುತ್ತಾನೆ. ಎಂಟಕ್ಕೆಲ್ಲ ಅದು ‘ಏನ್ ಪಬ್ಲಿಕ್ ರೀ ಯಪ್ಪಾ’ ಎಂಬ ಅಡಿಬರಹದೊಂದಿಗೆ ವಾಟ್ಸಾಪ್ ಗ್ರೂಪುಗಳನ್ನು ಸುತ್ತುತ್ತದೆ. ಈ ಬಗೆಯ ವಿಡಿಯೊದಲ್ಲಿ ಒಂದು ಅಪಾಯವಿದೆ. ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಶಾಮಿಯಾನದ ಅಂಗಡಿಯವನು ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿರುತ್ತಾನೆ, ಖಾಲಿ ಕುರ್ಚಿಯಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಆ ಅಂಗಡಿಯವನು ವಿಡಿಯೊ ಹರಿಬಿಟ್ಟವನ ಖಾಸಾ ಮಾವನೇ ಆಗಿರುವ ಸಂಭವ ಈ ಮೂರು ಊರುಗಳಲ್ಲಿ ಕಡಿಮೆಯೇನಿಲ್ಲ. ಆಗ ಫೋನು ಬರುವುದು ಮೆಲೋಡೀಸ್ ಮಾಲೀಕನಿಂದಲ್ಲ, ಮಾವನಿಂದ: ‘ಲೇ, ನನ್ ಕುರ್ಚಿ ಮ್ಯಾಲೆ ಯಾರೂ ಕುಂದ್ರಲ್ಲ ಅಂತ ಊರಿಗೆಲ್ಲ ತೋರಸ್ತೀಯೇನಲೇ?’

ಮೂರನೆಯ ಬಗೆ ನಿಂದೆಯಲ್ಲ, ನಿಯಮ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ, ಹಬ್ಬ ಉತ್ಸವಗಳಿಗೆ ಮಾತ್ರ, ನಡುರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ಕಾರ್ಯಕ್ರಮಕ್ಕೆ ಕಳೆ ಬರುವುದೇ ಹತ್ತರ ಮೇಲೆ. ಹತ್ತು ಗಂಟೆ ಐದು ನಿಮಿಷಕ್ಕೆ 112ಕ್ಕೆ ಫೋನು ಮಾಡುವ ಪರಿಸರಪ್ರೇಮಿ ಯಾರೆಂದು ಮಾಲೀಕನಿಗೆ ಗೊತ್ತು. ಮೊನ್ನೆ ಆ ಪರಿಸರಪ್ರೇಮಿಯ ಕಾರ್ಯಕ್ರಮ ಒಂದು ಗಂಟೆಗೆ ಮುಗಿದದ್ದೂ ಗೊತ್ತು.

ಪೆಟ್ಟು ತಿಂದ ಮಾಲೀಕ ಮೊದಲು ಮಾಡುವುದು ತಪ್ಪನ್ನೇ. ಅಕ್ಕನ ಮಗನನ್ನು ಕೂಡಿಸಿಕೊಂಡು ಹತ್ತು ಖಾತೆ ತೆರೆಸಿ ತನಗೆ ತಾನೇ ಐದೈದು ಸ್ಟಾರು ಹಾಕಿಸಿಕೊಳ್ಳುತ್ತಾನೆ. ಹತ್ತೂ ಒಂದೇ ಸಂಜೆ ಬೀಳುತ್ತವೆ, ಹತ್ತರಲ್ಲೂ ‘ಸೂಪರ್’ ಎಂಬ ಪದಕ್ಕೆ ಒಂದೇ ಅಕ್ಷರದೋಷ. ಅದರಲ್ಲಿ ಎರಡು, ಹೆಸರು ಹೋಲುವ ಕಾರಣ, ಎದುರಾಳಿಯ ಖಾತೆಗೆ ಬಿದ್ದಿರುತ್ತವೆ. ಗೂಗಲ್‌ನ ನಿಯಮದಲ್ಲಿ ಸ್ಪರ್ಧಿಯ ಹೆಸರು ಕೆಡಿಸಲು ಬರೆದ ವಿಮರ್ಶೆ ಎಷ್ಟು ನಿಷಿದ್ಧವೋ, ಒಬ್ಬನೇ ಹಲವು ಖಾತೆಗಳಿಂದ ಬರೆಯುವುದೂ ಅಷ್ಟೇ ನಿಷಿದ್ಧ. ಹುಲಿಯ ಮೇಲೆ ದೂರು ಕೊಡಬೇಕಾದವನು ಈಗ ತಾನೇ ಹತ್ತು ಹುಲಿ ಸಾಕಿದವನಾಗುತ್ತಾನೆ.

ಎರಡನೇ ತಪ್ಪು ಠಾಣೆಗೆ ಓಡುವುದು. ಆನ್‌ಲೈನ್ ಮಾತಿಗೆ ಹಿಡಿದು ಒಳಗೆ ಹಾಕುತ್ತಾರೆಂಬ ನಂಬಿಕೆಯ ಮೂಲ ಐಟಿ ಕಾಯ್ದೆಯ 66ಎ ಕಲಮು. ಅದನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಉಳಿದದ್ದು ಮಾನಹಾನಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಕಲಮು. ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಅಥವಾ ಸಮುದಾಯ ಸೇವೆ. ಆದರೆ ಪೊಲೀಸರು ತಾವಾಗಿ ಕೈಹಾಕುವ ಅಪರಾಧ ಇದಲ್ಲ. ನೊಂದವನೇ ನ್ಯಾಯಾಲಯದಲ್ಲಿ ದೂರು ಹೂಡಬೇಕು, ಮುಹೂರ್ತದ ದಿನವೇ ವಾಯಿದೆ ಬಿದ್ದರೆ ಹಾಜರಾಗಬೇಕು. ಇಷ್ಟಾದರೂ ಆಗಲಿ ಎನ್ನುವವನಿಗೆ ವಕೀಲರು ಇನ್ನೊಂದು ತೊಡಕು ತೋರಿಸುತ್ತಾರೆ. ಮಾನಹಾನಿಯ ಕಲಮಿಗೆ ಹತ್ತು ವಿನಾಯಿತಿಗಳಿವೆ. ಆರನೆಯದು, ಸಾರ್ವಜನಿಕರ ಮುಂದಿಟ್ಟ ಪ್ರದರ್ಶನದ ಗುಣಾವಗುಣವನ್ನು ಸದ್ಭಾವದಿಂದ ಹೇಳುವುದು. ವೇದಿಕೆ ಏರಿದ ನಟನೂ ಹಾಡುಗಾರನೂ ತಮ್ಮ ಕಲೆಯನ್ನು ಜನರ ತೀರ್ಪಿಗೆ ಒಪ್ಪಿಸಿದಂತೆ ಎಂಬ ಉದಾಹರಣೆ ಅದಕ್ಕೆ 1860ರ ದಂಡಸಂಹಿತೆಯ ಕಾಲದಿಂದಲೂ ಅಂಟಿಕೊಂಡಿದೆ. ‘ಸದ್ಭಾವ’ ಎಂಬ ಪದವನ್ನು ಹಿಡಿದು ಹುಲಿಯನ್ನು ಸಿಕ್ಕಿಸಬಹುದು. ಅದಕ್ಕೆ ಮೊದಲು ಹುಲಿ ಯಾರೆಂದು ತೋರಿಸಬೇಕು.

ಹೆಸರು ಮರೆಸಿದವನ ಹೆಸರು ಪತ್ತೆ ಮಾಡುವ ವಿಷಯದಲ್ಲಿ ಮಸ್ಕಿಗೆ ಜಗತ್ಪ್ರಸಿದ್ಧಿ ಇದೆ. ‘ದೇವಾನಾಂಪ್ರಿಯ’ ಎಂದಷ್ಟೇ ಶಾಸನಗಳಲ್ಲಿ ಬರೆಸುತ್ತಿದ್ದ ಅರಸ ಯಾರೆಂಬ ಪ್ರಶ್ನೆಗೆ, 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಇಲ್ಲಿನ ಬಂಡೆ ‘ಅಶೋಕ’ ಎಂಬ ಉತ್ತರ ಕೊಟ್ಟಿತು. ಇದೇ ಅರಸ ತನ್ನ 12ನೇ ಬಂಡೆಶಾಸನದಲ್ಲಿ, ತನ್ನ ಪಂಥವನ್ನು ಹೊಗಳಿಕೊಂಡು ಸುಮ್ಮಸುಮ್ಮನೆ ಪರರ ಪಂಥವನ್ನು ತೆಗಳಬಾರದು, ನಾಲಿಗೆ ಹಿಡಿತದಲ್ಲಿರಬೇಕು ಎಂದು ಬರೆಸಿದ್ದಾನೆ. ಅದರ ಪ್ರತಿ ಮಸ್ಕಿಯಲ್ಲಿಲ್ಲ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿತು. ಅಲ್ಲಿನವರು ಆ ಕಲ್ಲನ್ನು ಕಾಳಿಯ ವಿಗ್ರಹಕ್ಕೆ ಪೀಠ ಮಾಡಿಕೊಂಡಿದ್ದರು. ಹಳಿಯಬೇಡಿ ಎಂಬ ಆಜ್ಞೆ ಈ ಭಾಗದಲ್ಲಿ ದೇವಿಯ ಕಾಲಡಿಯಲ್ಲಿ ಕಣ್ಮರೆಯಾಗಿತ್ತು ಎಂಬುದರಲ್ಲಿ ಮೆಲೋಡೀಸ್ ಮಾಲೀಕನಿಗೆ ಆಶ್ಚರ್ಯವೇನೂ ಕಾಣುವುದಿಲ್ಲ.

ಒಂದೆರಡು ಹಂಗಾಮು ಕಳೆದ ಮೇಲೆ ಅವನು ಉಪಯುಕ್ತವಾದ ಕೆಲಸಕ್ಕೆ ಇಳಿಯುತ್ತಾನೆ. ಒಂಟಿ ಸ್ಟಾರಿನ ಕೆಳಗೆ ಬೈಯದೆ ಒಂದೇ ಸಾಲು ಬರೆಯುತ್ತಾನೆ: ‘ಸರ್, ತಮ್ಮ ಕಾರ್ಯಕ್ರಮ ಯಾವ ತಾರೀಖು, ಯಾವ ಕಲ್ಯಾಣಮಂಟಪ? ತಪ್ಪಾಗಿದ್ದರೆ ಬಾಕಿ ಹಣ ಬೇಡ.’ ಹುಲಿಗೆ ತಾರೀಖು ಇರುವುದಿಲ್ಲ, ಕಲ್ಯಾಣಮಂಟಪವೂ ಇರುವುದಿಲ್ಲ. ಓದುವವನಿಗೆ ಅಷ್ಟು ಸಾಕು. ಓದುವವನಾದರೂ ಯಾರು? ಹಳ್ಳಿಯ ಹಿರಿಯರು ‘ಬೀಗರ ಮದುವ್ಯಾಗ ಯಾರ್ ಹಾಡಿದ್ರು’ ಎಂದು ಕೇಳಿ ಬುಕಿಂಗ್ ಮಾಡುತ್ತಾರೆ. ಸ್ಟಾರು ಎಣಿಸುವವನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ವರನ ತಮ್ಮ ಒಬ್ಬನೇ. ಅವನ ಮಾತು ಮನೆಯಲ್ಲಿ ನಡೆಯುವುದು ಫೋಟೊಗ್ರಾಫರನ ವಿಷಯಕ್ಕೆ ಮಾತ್ರ. ಖಾಲಿ ಕುರ್ಚಿಗೆ ಮದ್ದೆಂದರೆ ಒಂಬತ್ತೂವರೆಗೆ ತಾನೇ ಸ್ಟೇಜಿನ ಮೇಲಿಂದ ಒಂದು ವಿಡಿಯೊ ತೆಗೆಯುವುದು. ಹತ್ತು ಗಂಟೆಯ ಫೋನಿಗೆ ಮದ್ದು ಹತ್ತಕ್ಕೆ ಮುಗಿಸುವುದು. ಈ ಮದ್ದನ್ನು ಮಾತ್ರ ಯಾರೂ ಕುಡಿದದ್ದು ಕಂಡಿಲ್ಲ.

ಉಳಿದದ್ದನ್ನು ಪಂಚಾಂಗ ನೋಡಿಕೊಳ್ಳುತ್ತದೆ. ವೈಶಾಖದ ಒಂದೇ ಮುಹೂರ್ತಕ್ಕೆ ಸಿಂಧನೂರಿನಲ್ಲಿ ಒಂದು, ಮುದಗಲ್ಲಿನಲ್ಲಿ ಇನ್ನೊಂದು ಬುಕಿಂಗ್ ಒಪ್ಪಿಕೊಂಡ ಮಾಲೀಕನಿಗೆ ಹಿಂದಿನ ರಾತ್ರಿ ಎರಡನೇ ಸೆಟ್ಟು ಇಲ್ಲವೆಂದು ನೆನಪಾಗುತ್ತದೆ. ಆಗ ಅವನು ತನ್ನದೇ ವಿಸಿಟಿಂಗ್ ಕಾರ್ಡಿನ ಮೂರನೇ ನಂಬರು ಒತ್ತುತ್ತಾನೆ. ‘ಅಣ್ಣಾ, ಬಾಕ್ಸ್ ಖಾಲಿ ಅದಾವೇನು?’ ‘ಅದಾವ್ ತಗೋ. ಡೀಸೆಲ್ ನಿಂದು.’ ಹಳೆಯ ಮಾತು ಇಬ್ಬರೂ ಎತ್ತುವುದಿಲ್ಲ. ಮರುದಿನ ಎದುರಾಳಿಯ ನಾಲ್ಕು ಬಾಕ್ಸು ಮುದಗಲ್ಲಿನ ಸ್ಟೇಜಿನ ಮೇಲೆ ನಿಲ್ಲುತ್ತವೆ. ಅವುಗಳ ಮುಖದ ಮೇಲಿನ ಹಳದಿ ಹೆಸರು ಕಾಣದಂತೆ ಕಲ್ಯಾಣಮಂಟಪದ ಎರಡು ಚಾದರ ಹೊದಿಸಿರುತ್ತಾರೆ. ಮಿಕ್ಸರಿನ ಮುಂದೆ ಕೂತವನು ಎದುರಾಳಿಯೇ, ಏಕೆಂದರೆ ಆ ಮಿಕ್ಸರಿನ ಎಡಗಡೆಯ ಗುಂಡಿ ಎಷ್ಟು ತಿರುಗಿಸಿದರೆ ಗೊರಗೊರ ನಿಲ್ಲುತ್ತದೆಂದು ಬಲ್ಲವನು ಅವನೊಬ್ಬನೇ.

ಮೂರನೇ ದಿನ ಬೆಂಗಳೂರಿನ ತಮ್ಮ ಐದು ಸ್ಟಾರು ಕೊಟ್ಟು, ‘ಸೌಂಡ್ ಭಾರಿ ಇತ್ತು’ ಎಂದು ಬರೆಯುತ್ತಾನೆ. ಅದು ಮಾಲೀಕನ ಖಾತೆಯಲ್ಲಿ, ಹುಲಿ ಬರೆದ ‘ಸೌಂಡ್ ಸರಿ ಇಲ್ಲ’ ಎಂಬುದಕ್ಕೆ ನೇರ ಮೇಲೆ ಬಂದು ಕೂಡುತ್ತದೆ. ಎರಡನ್ನೂ ಎದುರಾಳಿ ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಾನೆ. ಆ ಸೌಂಡು ತನ್ನದೆಂದು ಅವನು ಹೇಳುವಂತಿಲ್ಲ, ಆ ಹುಲಿಯೂ ತನ್ನದೆಂದು ಹೇಳುವಂತಿಲ್ಲ.